ಐದು ತಿಂಗಳಿಂದ ಮುಟ್ಟಾಗಿಲ್ಲ, ಡಾಕ್ಟರ್ ಗರ್ಭನಿರೋಧಕ ಮಾತ್ರೆ ಬರೆದಿದ್ದಾರೆ. 800 ಮೀಟರ್ ಓಡೋಳು ತಗೋಬಹುದಾ?

ಹಾಸನದ ಎಂಟುನೂರು:

ಎಲ್ರಿಗೂ ನಮಸ್ಕಾರ. ಇಲ್ಲಿ ಆಡಿದ, ಓಡಿದ ಹೆಣ್ಣುಮಕ್ಕಳು ಇದ್ದೀರ ಅನ್ನೋ ಧೈರ್ಯದ ಮೇಲೆ ಕೇಳ್ತಿದ್ದೀನಿ. ಗಂಡಸರು ಓದಿದ್ರೂ ಪರವಾಗಿಲ್ಲ, ತಮಾಷೆ ಮಾತ್ರ ಬೇಡ.

ನನಗೆ 20 ವರ್ಷ. ಡಿಗ್ರಿ ಎರಡನೇ ವರ್ಷ, ಕ್ರೀಡಾ ಹಾಸ್ಟೆಲ್‌ನಲ್ಲಿದ್ದೀನಿ. 800 ಮತ್ತು 1500 ಮೀಟರ್ ಓಡ್ತೀನಿ. ಈ ವರ್ಷ ಕೋಚ್ ಬದಲಾದ ಮೇಲೆ ಓಟ ಜಾಸ್ತಿ ಆಯ್ತು, ವಾರಕ್ಕೆ 70 ಕಿಲೋಮೀಟರ್ ಹತ್ರ ಬರತ್ತೆ. 51 ಕೆಜಿ ಇದ್ದೋಳು 46ಕ್ಕೆ ಬಂದೆ, ಟೈಮಿಂಗೂ ಚೆನ್ನಾಗಿ ಇಳೀತು. ಎಲ್ಲರೂ ಖುಷಿ. ಆದ್ರೆ ಐದು ತಿಂಗಳಿಂದ ಮುಟ್ಟೇ ಆಗಿಲ್ಲ. ನಿಜ ಹೇಳ್ಬೇಕಂದ್ರೆ ಮೊದಲೆರಡು ತಿಂಗಳು ಪೀಡೆ ತಪ್ಪಿತು ಅಂತ ಆರಾಮಾಗಿದ್ದೆ.

ದಸರಾ ರಜಕ್ಕೆ ಊರಿಗೆ ಹೋದಾಗ ಅಮ್ಮ ಕೇಳಿ ಗಾಬರಿಯಾಗಿ ಡಾಕ್ಟರ್ ಹತ್ರ ಕರ್ಕೊಂಡು ಹೋದ್ರು. ಸ್ಕ್ಯಾನ್ ಮಾಡಿ, ಅಂಡಾಶಯದಲ್ಲಿ ಸಣ್ಣ ಸಣ್ಣ ನೀರುಗುಳ್ಳೆ ಇದೆ, ಪಿಸಿಒಡಿ ಅಂದ್ರು. ಎರಡು ಮಾತ್ರೆ ಬರೆದಿದ್ದಾರೆ. ಒಂದು 21 ದಿನದ ಪಟ್ಟಿ, ಅದರ ಮೇಲೆ ಎಥಿನೈಲ್ ಎಸ್ಟ್ರಾಡಯಾಲ್ ಮತ್ತು ಡ್ರೊಸ್ಪಿರಿನೋನ್ ಅಂತಿದೆ. ಇನ್ನೊಂದು ಮೊಡವೆಗೆ, ಸ್ಪೈರೊನೊಲ್ಯಾಕ್ಟೋನ್. ಓಡ್ತೀನಿ ಅಂತ ಹೇಳ್ದೆ, ‘ಒಳ್ಳೇದು, ವ್ಯಾಯಾಮ ಬಿಡಬೇಡ’ ಅಂದ್ರು.

ಎರಡನ್ನೂ ಇನ್ನೂ ಶುರು ಮಾಡಿಲ್ಲ. ಅಮ್ಮನಿಗೆ ಅದು ಮಕ್ಕಳಾಗದ ಮಾತ್ರೆ ಅಂತ ಗೊತ್ತಾಗಿ, ಮದುವೆ ಆಗದ ಹುಡುಗಿಗೆ ಯಾಕೆ ಅಂತ ಬೀರುವಿನಲ್ಲಿ ಇಟ್ಟಿದ್ದಾರೆ. ಕೋಚ್ ಸರ್ ‘ಅದನ್ನ ನುಂಗಿದ್ರೆ ಊದ್ಕೋತೀಯ, ಸೀಸನ್ ಮುಗೀತು ಅಂತ ತಿಳ್ಕೋ’ ಅಂದ್ರು. ನಿಜವಾಗ್ಲೂ ದಪ್ಪ ಆಗ್ತೀನಾ? ಉಸಿರು, ಸ್ಟ್ಯಾಮಿನಾ ಕಡಿಮೆ ಆಗತ್ತಾ? ಡೋಪ್ ಟೆಸ್ಟಲ್ಲಿ ಏನಾದ್ರೂ ತೊಂದ್ರೆ ಬರತ್ತಾ? ಅಂತರ್‌ವಿವಿ ಕೂಟ ಹತ್ತಿರದಲ್ಲೇ ಇದೆ.

ಹಾಂ, ಬಲಗಾಲಿನ ಮುಂಗಾಲ ಮೂಳೆ ಒಳಬದಿ ನೋವಿದೆ. ಶಿನ್ ನೋವು ಎಲ್ಲರಿಗೂ ಇರೋದೇ ಅಲ್ವಾ, ಅದಕ್ಕೆ ನೋವಿನ ಮಾತ್ರೆ ತಗೊಂಡು ಓಡ್ತಿದ್ದೀನಿ. ಇವೆಲ್ಲ ಒಟ್ಟಿಗೆ ತಗೋಬಹುದಾ?

ನೆಟ್ ಹತ್ರದೋಳು:

ನಾನು ವಾಲಿಬಾಲ್, ಮಂಡ್ಯ. ಮೂರು ವರ್ಷದಿಂದ ಇಂಥದ್ದೇ ಮಾತ್ರೆ ತಗೋತಿದ್ದೀನಿ, ಏನೂ ಊದ್ಕೊಂಡಿಲ್ಲ. ನನ್ನದು ನಿನ್ನ ಥರ ಅಲ್ಲ, ಉಲ್ಟಾ. ಮೊದಲೆರಡು ದಿನ ಎದ್ದು ನಿಲ್ಲೋಕಾಗದ ಹೊಟ್ಟೆನೋವು, ವಾಂತಿ, ವಿಪರೀತ ರಕ್ತಸ್ರಾವ. ಕೊನೆಗೆ ಎಂಡೊಮೆಟ್ರಿಯೋಸಿಸ್, ಅಂದ್ರೆ ಗರ್ಭಕೋಶದ ಒಳಪದರದಂಥದ್ದು ಹೊರಗಡೆ ಬೆಳೆಯೋ ಕಾಯಿಲೆ ಅಂತ ಗೊತ್ತಾಯ್ತು. ಮಾತ್ರೆ ಶುರು ಮಾಡಿದ ಮೇಲೆ ತಿಂಗಳಿಗೆ ನಾಲ್ಕೈದು ದಿನ ಪ್ರಾಕ್ಟೀಸ್ ತಪ್ಪಿಸೋದು ನಿಂತಿತು, ಹಿಮೋಗ್ಲೋಬಿನ್ ಮೇಲೆ ಬಂತು. ಮೊದಲ ಎರಡು ಪಟ್ಟಿಯಲ್ಲಿ ಎದೆ ಭಾರ, ಬೆಳಿಗ್ಗೆ ವಾಕರಿಕೆ ಇತ್ತು. ರಾತ್ರಿ ಊಟ ಆದ್ಮೇಲೆ ತಗೊಳ್ಳೋಕೆ ಶುರು ಮಾಡ್ದೆ, ಹೋಯ್ತು.

ಟೂರ್ನಮೆಂಟ್ ಇದ್ರೆ ಡಾಕ್ಟರ್ ಹೇಳಿದ ಹಾಗೆ ಏಳು ದಿನ ಬಿಡುವು ಕೊಡದೆ ಮುಂದಿನ ಪಟ್ಟಿ ಶುರು ಮಾಡ್ತೀನಿ, ಆಗ ಆ ತಿಂಗಳು ರಕ್ತಸ್ರಾವ ಆಗಲ್ಲ. ನಿನ್ನ ಕೋಚ್‌ಗೆ ಹೇಳು, ಊದ್ಕೊಳ್ಳೋದು ಮೆಸ್ಸಿನ ಭಾನುವಾರದ ಪೂರಿಯಿಂದ ಅಂತ.

ಸ್ಪೈಕ್ಸ್ ಬಿಚ್ಚಿಟ್ಟವಳು:

ಹಾಸನದ ತಂಗಿ, ನಾನು 1500 ಓಡ್ತಿದ್ದೋಳು, ಈಗ ಮೈಸೂರಿನಲ್ಲಿ ಕ್ರೀಡಾ ಫಿಸಿಯೋ. ಡಾಕ್ಟರ್ ಅಲ್ಲ. ಆದರೆ ನಿನ್ನಂಥ ಓಟಗಾರ್ತಿಯರ ಕಾಲು ನೋಡೋದೇ ನನ್ನ ಕೆಲಸ. ಉದ್ದ ಆಗತ್ತೆ, ಓದ್ಕೋ.

ಮೊದಲು ಆ ಎರಡನೇ ಮಾತ್ರೆ. ಸ್ಪೈರೊನೊಲ್ಯಾಕ್ಟೋನ್ ಮೂತ್ರ ಹೆಚ್ಚಿಸೋ ಔಷಧ, ಡೈಯುರೆಟಿಕ್. ಮೊಡವೆಗೆ, ಮುಖದ ಕೂದಲಿಗೆ ಡಾಕ್ಟರುಗಳು ಕೊಡೋದು ಮಾಮೂಲು, ಅವರ ಕಡೆಯಿಂದ ಅದು ಸರಿಯಾದ ಚಿಕಿತ್ಸೆಯೇ. ಆದರೆ ವಿಶ್ವ ಡೋಪಿಂಗ್ ತಡೆ ಸಂಸ್ಥೆ ವಾಡಾದ ನಿಷೇಧ ಪಟ್ಟಿಯ ಎಸ್5 ಗುಂಪಿನಲ್ಲಿದೆ, ಕೂಟ ಇರಲಿ ಬಿಡಲಿ ವರ್ಷವಿಡೀ ನಿಷೇಧ. ಡೈಯುರೆಟಿಕ್ ಅಂದ್ರೆ ಬೇರೆ ಔಷಧದ ಸುಳಿವು ತೊಳೆದು ಹಾಕೋಕೆ ಬಳಸ್ತಾರೆ ಅನ್ನೋ ಕಾರಣಕ್ಕೆ. ‘ಮೊಡವೆಗೆ ತಗೊಂಡೆ’ ಅನ್ನೋ ಉತ್ತರ ಆಮೇಲೆ ನಡೆಯಲ್ಲ, ಮೊದಲೇ ಟಿಯುಇ, ಅಂದ್ರೆ ಚಿಕಿತ್ಸೆಗಾಗಿ ಬಳಸೋಕೆ ಕೊಡೋ ಅನುಮತಿ ಪತ್ರ ಇರ್ಬೇಕು. ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾದವರು ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸಿಗೂ ಬಂದು ಮೂತ್ರದ ಮಾದರಿ ತಗೋತಾರೆ, ಒಲಿಂಪಿಕ್ಸಿಗೆ ಹೋಗೋರಿಗೆ ಮಾತ್ರ ಅಂತ ಅಂದ್ಕೋಬೇಡ. ಮೊಡವೆಗೆ ಹಚ್ಚೋ ಮುಲಾಮು ಬೇಕಾದಷ್ಟಿದೆ, ಬದಲಿಸಿ ಕೊಡಿ ಅಂತ ಡಾಕ್ಟರಿಗೆ ಫೋನ್ ಮಾಡು.

ವಿಚಿತ್ರ ಏನಂದ್ರೆ, ನಿನ್ನ ಮೊದಲ ಮಾತ್ರೆಯಲ್ಲಿರೋ ಡ್ರೊಸ್ಪಿರಿನೋನ್ ಅದೇ ಸ್ಪೈರೊನೊಲ್ಯಾಕ್ಟೋನ್‌ಗೆ ಸಂಬಂಧಿಕ. ಆದರೂ ಅದೇ ಎಸ್5ರಲ್ಲಿ ಹೆಸರು ಹಿಡಿದು ವಿನಾಯಿತಿ ಕೊಟ್ಟಿದ್ದಾರೆ. ಗರ್ಭನಿರೋಧಕ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಬರೋ ಹಾರ್ಮೋನುಗಳು ಯಾವುವೂ ನಿಷೇಧದಲ್ಲಿಲ್ಲ. ಹಾಗಾಗಿ ಆ 21 ದಿನದ ಮಾತ್ರೆಯಿಂದ ಡೋಪಿಂಗ್ ಭಯ ಇಲ್ಲ. ಆದರೆ ಈ ಎರಡೂ ಸೇರಿ, ಮೇಲಿಂದ ನಿನ್ನ ನೋವಿನ ಮಾತ್ರೆಯೂ ಸೇರಿದ್ರೆ ರಕ್ತದಲ್ಲಿ ಪೊಟ್ಯಾಸಿಯಂ ಏರೋ ಅಪಾಯ ಇದೆ. ನೀನು ಕೊನೇಲಿ ಸುಮ್ಮನೆ ಕೇಳಿದ ಪ್ರಶ್ನೆ ಸಣ್ಣದಲ್ಲ.

ಈಗ ಓಟದ ವಿಷಯ. ಮಾತ್ರೆ ಏನು ಮಾಡತ್ತೆ? ಮಿದುಳಿನಿಂದ ಅಂಡಾಶಯಕ್ಕೆ ಹೋಗೋ ಎಫ್‌ಎಸ್‌ಎಚ್, ಎಲ್‌ಎಚ್ ಅನ್ನೋ ಎರಡು ಆದೇಶಗಳನ್ನ ತಡೆಯತ್ತೆ. ಅಂಡ ಬಲಿಯಲ್ಲ, ಹೊರಬರಲ್ಲ. ನಿನ್ನದೇ ಈಸ್ಟ್ರೋಜನ್, ಪ್ರೊಜೆಸ್ಟೆರಾನ್ ತಳ ಹಿಡಿಯತ್ತೆ, ಅದರ ಜಾಗಕ್ಕೆ ಮಾತ್ರೆಯದ್ದು ಬರತ್ತೆ. ಇದರಿಂದ ಓಟ ಬೀಳತ್ತಾ ಅಂತ ಲೆಕ್ಕ ಹಾಕಿದ್ದಾರೆ. 2020ರಲ್ಲಿ 42 ಅಧ್ಯಯನಗಳನ್ನ ಒಟ್ಟಿಗಿಟ್ಟು ನೋಡಿದ ಒಂದು ವಿಶ್ಲೇಷಣೆ ಬಂತು. ಸರಾಸರಿಯಲ್ಲಿ ಮಾತ್ರೆ ತಗೊಳ್ಳೋರ ಸಾಮರ್ಥ್ಯ ಕೂದಲೆಳೆಯಷ್ಟು ಕಡಿಮೆ, ಎಲ್ಲರಿಗೂ ಒಂದೇ ಸಲಹೆ ಕೊಡುವಷ್ಟು ದೊಡ್ಡದಲ್ಲ, ಒಬ್ಬೊಬ್ಬರದು ಒಂದೊಂದು ಥರ ಅಂತ ಅದರ ಸಾರ. ಆ ಅಧ್ಯಯನಗಳಲ್ಲಿ ಬಹಳಷ್ಟು ಗುಣಮಟ್ಟದಲ್ಲಿ ಸಾಧಾರಣ ಅಂತಾನೂ ಅವರೇ ಬರೆದಿದ್ದಾರೆ. ಬ್ರಿಟನ್ನಿನ 430 ಉನ್ನತ ಮಟ್ಟದ ಕ್ರೀಡಾಪಟುಗಳನ್ನ ಕೇಳಿದಾಗ ಅರ್ಧದಷ್ಟು ಜನ, 49.5 ಶೇಕಡಾ, ಯಾವುದೋ ಒಂದು ಹಾರ್ಮೋನ್ ಗರ್ಭನಿರೋಧಕ ಬಳಸ್ತಿದ್ರು. ಎಲ್ಲರ ಸೀಸನ್ನೂ ಮುಗಿದು ಹೋಗಿಲ್ಲ.

ತೂಕ: ಈ ಥರದ ಮಿಶ್ರ ಮಾತ್ರೆಯಿಂದ ಕೊಬ್ಬು ಬೆಳೆಯತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಕೆಲವರಿಗೆ ಮೊದಮೊದಲು ನೀರು ನಿಲ್ಲತ್ತೆ. ಮೂರು ತಿಂಗಳಿಗೊಮ್ಮೆ ಚುಚ್ಚೋ ಇಂಜೆಕ್ಷನ್ ಕಥೆ ಬೇರೆ, ಅದರಲ್ಲಿ ತೂಕ ಏರೋದು ನಿಜ. ಬಹುಶಃ ನಿನ್ನ ಕೋಚ್ ಎಲ್ಲೋ ಅದನ್ನ ನೋಡಿರ್ಬೇಕು.

ಹಾಗಾದ್ರೆ ತಗೋ ಅಂತೀನಾ? ಇಲ್ಲ. ನಿನ್ನ ವಿಷಯದಲ್ಲಿ ಓಟ ಬೀಳತ್ತೋ ಇಲ್ವೋ ಅನ್ನೋದು ಪ್ರಶ್ನೆಯೇ ಅಲ್ಲ.

ಐದು ಕೆಜಿ ಇಳಿದಿದೆ, ಓಟ ಏರಿದೆ, ಮುಟ್ಟು ನಿಂತಿದೆ, ಮೂಳೆ ನೋಯ್ತಿದೆ. ಈ ನಾಲ್ಕನ್ನೂ ನೀನೇ ಬರೆದಿದ್ದೀಯ, ಬೇರೆ ಬೇರೆ ಪ್ಯಾರಾದಲ್ಲಿ. ಒಟ್ಟಿಗೆ ಇಟ್ಟು ಓದು. ನೀನು ತಿನ್ನೋದು ನೀನು ಓಡೋದಕ್ಕೆ ಸಾಲ್ತಿಲ್ಲ. ದೇಹ ತುರ್ತಿಲ್ಲದ ಖರ್ಚನ್ನ ಮೊದಲು ನಿಲ್ಲಿಸತ್ತೆ, ಮೊದಲು ನಿಲ್ಲೋದು ಮುಟ್ಟು. ಮಿದುಳು ಎಲ್‌ಎಚ್ ಕಳಿಸೋದನ್ನ ಕಡಿಮೆ ಮಾಡತ್ತೆ, ಈಸ್ಟ್ರೋಜನ್ ಇಳಿಯತ್ತೆ, ಈಸ್ಟ್ರೋಜನ್ ಇಲ್ಲದೆ ಮೂಳೆ ಸವೆಯತ್ತೆ. ಹಿಂದೆ ಇದನ್ನ ಮಹಿಳಾ ಕ್ರೀಡಾಪಟುವಿನ ತ್ರಿಕೂಟ ಅಂತಿದ್ರು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ರೆಡ್-ಎಸ್ ಅಂತ ಹೆಸರಿಟ್ಟು, 2018, 2023ರಲ್ಲಿ ಪರಿಷ್ಕರಿಸಿದೆ.

ಒಂದು ಲೆಕ್ಕ ಹೇಳ್ತೀನಿ. 46 ಕೆಜಿಯಲ್ಲಿ ಕೊಬ್ಬು ಬಿಟ್ಟು 38 ಕೆಜಿ ಅಂತ ಇಟ್ಕೋ. ಕೆಜಿಗೆ 45 ಕ್ಯಾಲೊರಿ ಅಂದ್ರೆ 1710, ಇದು ಓಟದ ಖರ್ಚು ಕಳೆದ ಮೇಲೆ ದೇಹಕ್ಕೆ ಉಳಿಯಬೇಕಾದದ್ದು. ಬೆಳಿಗ್ಗೆ ಸಂಜೆ ಸೇರಿ 600 ಸುಡ್ತೀಯ ಅಂದ್ರೆ ತಟ್ಟೆಗೆ 2300 ಬೀಳ್ಬೇಕು. ಕೆಜಿಗೆ 30ಕ್ಕಿಂತ ಕೆಳಗೆ ಹೋದ್ರೆ ಹಾರ್ಮೋನುಗಳು ಏರುಪೇರಾಗೋದು ಪ್ರಯೋಗಗಳಲ್ಲಿ ಕಂಡಿದೆ. ಎಲ್ಲರಿಗೂ ಅದೇ ಗೆರೆ ಅಂತಲ್ಲ, ಅಂದಾಜಿಗೆ ಸಾಕು. ಹಾಸ್ಟೆಲ್‌ನಲ್ಲಿ ಬೆಳಗಿನ ಓಟ ಮುಗಿಸಿ, ಕ್ಲಾಸಿಗೆ ತಡ ಆಯ್ತು ಅಂತ ಅರ್ಧ ಪ್ಲೇಟ್ ಉಪ್ಪಿಟ್ಟು ತಿಂದು ಓಡೋಳಿಗೆ 2300 ಎಲ್ಲಿಂದ ಬರತ್ತೆ?

ಈಗ ಮಾತ್ರೆ ಶುರು ಮಾಡಿದೆ ಅಂತ ಇಟ್ಕೋ. 21 ದಿನ ಆಗತ್ತೆ, ನಿಲ್ಲಿಸ್ತೀಯ, ರಕ್ತ ಬರತ್ತೆ. ಅಮ್ಮ ಸಮಾಧಾನ, ಕೋಚ್ ಸಮಾಧಾನ, ಡಾಕ್ಟರ್ ‘ರೆಗ್ಯುಲರ್ ಆಯ್ತಲ್ಲ’ ಅಂತಾರೆ. ಆದರೆ ಅದು ನಿನ್ನ ಮುಟ್ಟಲ್ಲ. ಮಾತ್ರೆಯ ಹಾರ್ಮೋನ್ ನಿಂತದ್ದಕ್ಕೆ ಗರ್ಭಕೋಶದ ಒಳಪದರ ಕಳಚಿದ್ದು ಅಷ್ಟೆ. ನೀನು ಅರೆಹೊಟ್ಟೆಯಲ್ಲಿ ಓಡ್ತಾ ಇದ್ರೂ ಪ್ರತಿ ತಿಂಗಳು ಠೀಕಾಗಿ ಬರತ್ತೆ. ದೇಹ ಕೊಡ್ತಿದ್ದ ಒಂದೇ ಒಂದು ಸ್ಪಷ್ಟ ಸೂಚನೆಯ ಬಾಯಿ ಮುಚ್ಚಿದ ಹಾಗಾಯ್ತು.

‘ಮಾತ್ರೆಯಲ್ಲಿ ಈಸ್ಟ್ರೋಜನ್ ಇದೆಯಲ್ಲ, ಮೂಳೆಗೆ ಅದೇ ಸಾಕಲ್ಲ’ ಅಂತ ಕೇಳೋರಿದ್ದಾರೆ, ಓದಿದ ಡಾಕ್ಟರುಗಳೂ. ಸಾಲಲ್ಲ. ಬಾಯಲ್ಲಿ ನುಂಗಿದ ಈಸ್ಟ್ರೋಜನ್ ಮೊದಲು ಯಕೃತ್ತಿಗೆ ಹೋಗತ್ತೆ, ಅಲ್ಲಿ ಮೂಳೆ ಕಟ್ಟೋಕೆ ಬೇಕಾದ ಐಜಿಎಫ್-1 ಅನ್ನೋದನ್ನ ಇಳಿಸತ್ತೆ. ಮುಟ್ಟು ತಪ್ಪಿದ ಕ್ರೀಡಾಪಟುಗಳ ಮೇಲೆ ಮಾಡಿದ ಪ್ರಯೋಗ 2019ರಲ್ಲಿ ಪ್ರಕಟ ಆಯ್ತು. ಚರ್ಮಕ್ಕೆ ಅಂಟಿಸೋ ಈಸ್ಟ್ರಾಡಯಾಲ್ ಪಟ್ಟಿ ಹಾಕಿಕೊಂಡವರ ಮೂಳೆ ಸಾಂದ್ರತೆ ಏರಿತು, ಮಾತ್ರೆ ತಗೊಂಡವರದ್ದು ಹಾಗೆ ಏರಲಿಲ್ಲ. ಅದಕ್ಕೇ ಈಗಿನ ಮಾರ್ಗಸೂಚಿಗಳು, ಮುಟ್ಟು ತರಿಸೋಕೆ ಅಥವಾ ಮೂಳೆ ಉಳಿಸೋಕೆ ಅಂತ ಗರ್ಭನಿರೋಧಕ ಮಾತ್ರೆ ಕೊಡಬೇಡಿ ಅನ್ನತ್ತೆ. ಮೊದಲು ಊಟ, ವಿಶ್ರಾಂತಿ. ಆರು ತಿಂಗಳು, ವರ್ಷ ಆದ್ರೂ ಮುಟ್ಟು ಬರದಿದ್ರೆ ಆ ಚರ್ಮದ ಪಟ್ಟಿ, ಜೊತೆಗೆ ಆಗಾಗ ಪ್ರೊಜೆಸ್ಟೆರಾನ್.

ನನಗೂ ನಿನ್ನ ವಯಸ್ಸಲ್ಲಿ ಮುಟ್ಟು ನಿಂತಾಗ ಒಬ್ಬರು ಮಾತ್ರೆ ಬರೆದ್ರು. ತಿಂಗಳು ತಿಂಗಳು ‘ಸರಿ’ ಇತ್ತು. ಎರಡನೇ ಸೀಸನ್ನಿನಲ್ಲಿ ಮುಂಗಾಲ ಮೂಳೆ ಬಿರುಕು ಬಿಟ್ಟಿತು. ಆಗ ರೆಡ್-ಎಸ್ ಅನ್ನೋ ಹೆಸರೇ ಇರಲಿಲ್ಲ, ಯಾರನ್ನೂ ಬೈಯಲ್ಲ. ಈಗ ಹೆಸರೂ ಇದೆ, ಮಾರ್ಗಸೂಚಿಯೂ ಇದೆ. ಈಗಲೂ ಅದೇ ಚೀಟಿ ಬರ್ತಿದೆಯಲ್ಲ ಅನ್ನೋದಕ್ಕೆ ಸಿಟ್ಟು ಬರತ್ತೆ.

ಪಿಸಿಒಡಿ ಇರಲೇಬಾರದು ಅಂತ ನಾನು ಹೇಳ್ತಿಲ್ಲ, ನೋಡದೆ ಹೇಳೋಕಾಗಲ್ಲ. ಆದರೆ ಸ್ಕ್ಯಾನಿನಲ್ಲಿ ನೀರುಗುಳ್ಳೆ ಕಂಡ ಮಾತ್ರಕ್ಕೆ ಪಿಸಿಒಡಿ ಆಗಲ್ಲ. ಇಪ್ಪತ್ತರ ಹುಡುಗಿಯರಲ್ಲಿ ಅದು ಬಹಳ ಸಾಮಾನ್ಯ, ಊಟ ಸಾಲದೆ ಮುಟ್ಟು ನಿಂತವರಲ್ಲೂ ಕಾಣತ್ತೆ. ಮುಟ್ಟಿನ ಏರುಪೇರು, ಗಂಡು ಹಾರ್ಮೋನ್ ಹೆಚ್ಚಿರೋದು, ಅಂಡಾಶಯದ ರೂಪ, ಈ ಮೂರರಲ್ಲಿ ಎರಡಿದ್ದು, ಬೇರೆ ಕಾರಣಗಳನ್ನ ತಳ್ಳಿಹಾಕಿದ ಮೇಲೆ ತಾನೆ ಪಿಸಿಒಡಿ ಅನ್ನೋದು. ಆ ‘ಬೇರೆ ಕಾರಣ’ ನಿನ್ನ ತಟ್ಟೆಯಲ್ಲೇ ಇದೆ. ಮೊಡವೆ ಇದೆ ಅಂತೀಯ, ಹಾಗಾಗಿ ರಕ್ತ ಪರೀಕ್ಷೆ ಆಗಲೇಬೇಕು: ಎಲ್‌ಎಚ್, ಎಫ್‌ಎಸ್‌ಎಚ್, ಈಸ್ಟ್ರಾಡಯಾಲ್, ಟೆಸ್ಟೊಸ್ಟೆರಾನ್, ಪ್ರೊಲ್ಯಾಕ್ಟಿನ್, ಥೈರಾಯ್ಡ್, ದೇಹದ ಕಬ್ಬಿಣದ ದಾಸ್ತಾನು ತೋರಿಸೋ ಫೆರಿಟಿನ್, ವಿಟಮಿನ್ ಡಿ. ಇದೆಲ್ಲ ಮಾತ್ರೆ ಶುರು ಮಾಡೋಕೆ ಮುಂಚೆ. ಶುರು ಮಾಡಿದ ಮೇಲೆ ಎಲ್‌ಎಚ್ ತಗ್ಗೇ ಇರತ್ತೆ, ಯಾಕೆ ತಗ್ಗು ಅಂತ ಯಾರೂ ಹೇಳೋಕಾಗಲ್ಲ. ಗರ್ಭ ಇಲ್ಲ ಅನ್ನೋ ಪರೀಕ್ಷೆಯನ್ನೂ ಮಾಡಿಸ್ತಾರೆ, ಮುಟ್ಟು ತಪ್ಪಿದ ಎಲ್ಲರಿಗೂ ಮಾಡೋದು ಅದು, ಅಮ್ಮನಿಗೆ ಮೊದಲೇ ಹೇಳಿಟ್ಟಿರು.

ಕಾಲಿನ ಮೂಳೆ ಮೇಲೆ ಹೆಬ್ಬೆರಳಿಂದ ಒತ್ತುತ್ತಾ ಬಾ. ಉದ್ದಕ್ಕೂ ನೋವಿದ್ರೆ ಮಾಮೂಲಿ ಶಿನ್ ನೋವಿರಬಹುದು, ಒಂದೇ ಬೆರಳಿನ ಜಾಗದಲ್ಲಿ ಚುರುಕ್ ಅಂದ್ರೆ ಮೂಳೆ ಬಿರುಕಿನ ಅನುಮಾನ. ಎರಡನೆಯದಾದ್ರೆ, ರಾತ್ರಿ ಮಲಗಿದಾಗಲೂ ನೋವಿದ್ರೆ, ಇವತ್ತಿಂದ ಓಟ ಬಂದ್. ಎಕ್ಸ್‌ರೇ ಮೊದಮೊದಲು ಏನೂ ತೋರಿಸಲ್ಲ, ಎಂಆರ್‌ಐ ಬೇಕು. ನೋವಿನ ಮಾತ್ರೆ ನುಂಗಿ ಓಡೋದು ಮಾತ್ರ ಯಾವ ಲೆಕ್ಕದಲ್ಲೂ ಬೇಡ.

ಕುಸ್ತಿ ಧಾರವಾಡ:

ಸ್ಪೈಕ್ಸ್ ಅಕ್ಕಾರ, ನಮಸ್ಕಾರ್ರಿ. ನಾ 53 ಕೆಜಿ ಒಳಗ ಕುಸ್ತಿ ಆಡ್ತೀನ್ರಿ. ಇದರಾಗ ನನ್ನದೂ ಎರಡು ಮಾತು ಕೇಳಬೇಕಿತ್ತು.

ನಮ್ಮ ಕಡೆ ಹುಡುಗ್ಯಾರು ಟೂರ್ನಮೆಂಟ್ ಬಂತಂದ್ರ ಮುಟ್ಟು ಮುಂದ ಹಾಕೋ ಗುಳಿಗಿ ತಗೋತಾರ್ರಿ. ಜಾತ್ರಿ, ಮದುವಿ, ಪೂಜಾಕ್ಕ ತಗೋತಾರಲ್ರಿ, ಅದ. ಮೆಡಿಕಲ್ ಅಂಗಡ್ಯಾಗ ಚೀಟಿ ಇಲ್ದನ ಸಿಗತೈತಿ. ಹೋದ ವರ್ಷ ನಾ ತಗೊಂಡಾಗ ಮೈಯೆಲ್ಲಾ ಬಾತಂಗ ಆಗಿ ತೂಕ ಕೊಡೂ ಮುಂದ ಜೀವ ಬಾಯಿಗೆ ಬಂದಿತ್ತು. ಅದಕ್ಕೂ ಇದಕ್ಕೂ ಸಂಬಂಧ ಐತೇನ್ರಿ?

ಇನ್ನೊಂದು. ನನ್ನ ಲಗ್ನ ಆಗೇತ್ರಿ, ಮಗು ಸದ್ಯಕ್ಕ ಬ್ಯಾಡ. ಆಶಾ ಅಕ್ಕಾರು ವಾರಕ್ಕೊಂದು ತಗೊಳ್ಳೂ ಛಾಯಾ ಗುಳಿಗಿ ಕೊಡ್ತೀನಿ, ಅದರಾಗ ಹಾರ್ಮೋನ ಇಲ್ಲ, ಆಟಕ್ಕ ಏನೂ ಆಗಂಗಿಲ್ಲ ಅಂದಾರ. ಇಲ್ಲಾಂದ್ರ ಅಂತರಾ ಇಂಜೆಕ್ಷನ್. ಯಾವುದು ಛಲೋರಿ?

ಸ್ಪೈಕ್ಸ್ ಬಿಚ್ಚಿಟ್ಟವಳು:

ಧಾರವಾಡದ ತಂಗಿ, ಛಾಯಾ ಬೇಡ. ಆಶಾ ಅವರು ಹೇಳಿದ್ದು ಸುಳ್ಳಲ್ಲ, ಅದರಲ್ಲಿ ಹಾರ್ಮೋನ್ ಇಲ್ಲ. ಲಖನೌದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆ ಸಿಡಿಆರ್‌ಐನಲ್ಲಿ ನಮ್ಮವರೇ ಕಂಡುಹಿಡಿದ ಔಷಧ, ಸಹೇಲಿ ಅನ್ನೋ ಹೆಸರಲ್ಲೂ ಬರತ್ತೆ, ಸಾಮಾನ್ಯ ಹೆಂಗಸರಿಗೆ ಒಳ್ಳೇದೇ. ಆದರೆ ಅದರೊಳಗಿರೋ ಒರ್ಮೆಲೊಕ್ಸಿಫೀನ್ ‘ಸೆರ್ಮ್’ ವರ್ಗದ್ದು, ಅಂದ್ರೆ ಈಸ್ಟ್ರೋಜನ್ ಕೆಲಸವನ್ನ ಕೆಲವು ಕಡೆ ತಡೆಯೋ ಔಷಧ, ಸ್ತನ ಕ್ಯಾನ್ಸರಿಗೆ ಕೊಡೋ ಟ್ಯಾಮೊಕ್ಸಿಫೆನ್ ಜಾತಿ. ವಾಡಾ ಪಟ್ಟಿಯ ಎಸ್4 ಆ ವರ್ಗವನ್ನೇ ಇಡಿಯಾಗಿ ನಿಷೇಧಿಸಿದೆ. ಇದನ್ನ ಆಶಾ ಅವರಿಗಲ್ಲ, ಎಷ್ಟೋ ಕೋಚುಗಳಿಗೇ ಯಾರೂ ಹೇಳಿಲ್ಲ. ಮುಂದೆ ಮಗು ಬೇಕು ಅಂತ ಚಿಕಿತ್ಸೆಗೆ ಹೋದಾಗ ಬರೆಯೋ ಕ್ಲೊಮಿಫೀನ್, ಲೆಟ್ರೊಜೋಲ್ ಕೂಡ ಅದೇ ಎಸ್4.

ಅಂತರಾ ಮೂರು ತಿಂಗಳಿಗೊಮ್ಮೆ 150 ಮಿಲಿಗ್ರಾಂ ಮೆಡ್ರಾಕ್ಸಿಪ್ರೊಜೆಸ್ಟೆರಾನ್. ಡೋಪಿಂಗ್ ತೊಂದರೆ ಇಲ್ಲ. ಆದರೆ ಮೂಳೆ ಸಾಂದ್ರತೆ ಇಳಿಸತ್ತೆ ಅಂತ ಅಮೆರಿಕದಲ್ಲಿ 2004ರಲ್ಲಿ ಅದರ ಮಾಹಿತಿ ಪತ್ರದಲ್ಲೇ ಕಪ್ಪು ಚೌಕದೊಳಗೆ ಎಚ್ಚರಿಕೆ ಹಾಕಿಸಿದ್ರು. ಬಿಟ್ಟ ಮೇಲೆ ಬಹಳಮಟ್ಟಿಗೆ ಮರಳಿ ಬರತ್ತೆ ಅನ್ನೋದೂ ನಿಜ. ಹೊರಗೆ ತೆಗೆಯೋ ಹಾಗಿಲ್ಲ, ನಿಲ್ಲಿಸಿದ ಮೇಲೆ ಗರ್ಭ ನಿಲ್ಲೋಕೂ ತಿಂಗಳುಗಟ್ಟಲೆ ತಡ ಆಗಬಹುದು. ತೂಕದ ವರ್ಗದಲ್ಲಿ ಆಡೋಳಿಗೆ ನಾನಂತೂ ಹೇಳಲ್ಲ.

ಕಾಪರ್ ಟಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಐದು ಅಥವಾ ಹತ್ತು ವರ್ಷದ್ದು, ಹಾರ್ಮೋನ್ ಏನೂ ಇಲ್ಲ. ಮುಖ್ಯ ತೊಂದರೆ ಅಂದ್ರೆ ರಕ್ತಸ್ರಾವ ಹೆಚ್ಚಾಗಬಹುದು. 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49ರ ಹೆಂಗಸರಲ್ಲಿ 57 ಶೇಕಡಾ ರಕ್ತಹೀನತೆ ಇದ್ದೋರು. ಮೊದಲೇ ಹಿಮೋಗ್ಲೋಬಿನ್ ಕಡಿಮೆ ಇದ್ರೆ ಯೋಚಿಸ್ಬೇಕು. ಲೆವೊನಾರ್ಜೆಸ್ಟ್ರೆಲ್ ಇರೋ ಗರ್ಭಕೋಶದ ಸಾಧನ ಹಾಕಿಸಿದ್ರೆ ರಕ್ತಸ್ರಾವ ಕಡಿಮೆ ಆಗತ್ತೆ, ಹಾರ್ಮೋನ್ ಬಹುಪಾಲು ಅಲ್ಲೇ ಕೆಲಸ ಮಾಡತ್ತೆ, ಬೆಲೆ ಮಾತ್ರ ಜಾಸ್ತಿ. ಮಿಶ್ರ ಮಾತ್ರೆಯೂ ನಿನಗೆ ಆಗಬಹುದು, ಆದರೆ ಕಣ್ಣ ಮುಂದೆ ಮಿಂಚು ಬರೋ ಥರದ ತಲೆನೋವು, ಮನೆಯಲ್ಲಿ ಯಾರಿಗಾದ್ರೂ ರಕ್ತ ಹೆಪ್ಪುಗಟ್ಟಿದ ಚರಿತ್ರೆ ಇದ್ರೆ ಡಾಕ್ಟರಿಗೆ ಹೇಳಲೇಬೇಕು. ಮಂಡಿ ಆಪರೇಷನ್ ಆಗಿ ಕಾಲು ಕಟ್ಟಿಸಿಕೊಂಡು ಮಲಗೋ ಪ್ರಸಂಗ ಬಂದ್ರೂ ಅಷ್ಟೆ, ಮಾತ್ರೆ ತಗೋತೀನಿ ಅಂತ ಮೊದಲೇ ಹೇಳು.

ಮುಟ್ಟು ಮುಂದೂಡೋ ಗುಳಿಗೆ: ಅದು ಸಾಮಾನ್ಯವಾಗಿ ನಾರ್‌ಎಥಿಸ್ಟೆರಾನ್, 5 ಮಿಲಿಗ್ರಾಂ, ದಿನಕ್ಕೆ ಮೂರು. ಮೈ ಬಾಯೋದು, ಎದೆ ಭಾರ, ಮನಸ್ಸು ಕುಗ್ಗೋದು ಅದರ ಗೊತ್ತಿರೋ ಅಡ್ಡಪರಿಣಾಮಗಳೇ. ಮ್ಯಾರಥಾನಿನ ಪೌಲಾ ರ‍್ಯಾಡ್‌ಕ್ಲಿಫ್ 2015ರಲ್ಲಿ ಬಹಿರಂಗವಾಗಿ ಹೇಳಿದ್ರು, ಇದನ್ನ ಕೊಟ್ಟು ತನ್ನ ಸ್ಥಿತಿ ಇನ್ನೂ ಕೆಟ್ಟಿತು ಅಂತ. ಅದೇ ರ‍್ಯಾಡ್‌ಕ್ಲಿಫ್ 2002ರಲ್ಲಿ ಶಿಕಾಗೋದಲ್ಲಿ ವಿಶ್ವದಾಖಲೆ ಓಡಿದ್ದು ಮುಟ್ಟಿನ ಹೊಟ್ಟೆನೋವು ಇಟ್ಟುಕೊಂಡು. ನಿಷೇಧ ಇಲ್ಲ. ಆದರೆ ಇದು ದೇಹದಲ್ಲಿ ಒಡೆದಾಗ 19-ನಾರ್‌ಆಂಡ್ರೊಸ್ಟೆರಾನ್ ಸ್ವಲ್ಪ ಬರಬಹುದು, ನ್ಯಾಂಡ್ರೊಲೋನ್ ಚುಚ್ಚಿಸಿಕೊಂಡವರ ಮೂತ್ರದಲ್ಲಿ ಹುಡುಕೋದೂ ಅದನ್ನೇ. ಪ್ರಯೋಗಾಲಯದವರು ಇದನ್ನ ಬೇರ್ಪಡಿಸಿ ನೋಡ್ತಾರೆ, ಹೆದರ್ಬೇಡ. ಮಾದರಿ ಕೊಡುವಾಗ ಫಾರಂನಲ್ಲಿ ಹಿಂದಿನ ಏಳು ದಿನದ ಔಷಧ ಬರೆಯೋ ಜಾಗ ಇದೆ, ನಾಚಿಕೊಳ್ಳದೆ ಬರಿ. ಹುಡುಗಿಯರು ಇದೊಂದನ್ನ ಬಿಟ್ಟು ಬಿ ಕಾಂಪ್ಲೆಕ್ಸ್ ಎಲ್ಲ ಬರೆದು ಬರ್ತಾರೆ.

ತಗೊಳ್ಳೋದೇ ಆದ್ರೆ ಮೊದಲ ಸಲ ದೊಡ್ಡ ಟೂರ್ನಮೆಂಟಿನಲ್ಲಿ ಬೇಡ. ತರಬೇತಿ ತಿಂಗಳಲ್ಲಿ ಡಾಕ್ಟರನ್ನ ಕೇಳಿ ತಗೊಂಡು ನೋಡು, ತೂಕ ಎಷ್ಟು ಏರತ್ತೆ ಬರೆದಿಟ್ಕೋ.

ಅಂಕಿ ಭಟ್ಟ:

ಮೇಡಂ, ಗಂಡಸು, ತಮಾಷೆ ಮಾಡಲ್ಲ, ಒಂದು ಸಂಶಯ. ಮಾತ್ರೆಯಿಂದ ಓಟ ಹೆಚ್ಚುಕಡಿಮೆ ಏನೂ ಆಗಲ್ಲ ಅಂತೀರಿ. ಹಾಗಾದರೆ ದಕ್ಷಿಣ ಆಫ್ರಿಕಾದ 800 ಮೀಟರ್ ಓಟಗಾರ್ತಿ ಕ್ಯಾಸ್ಟರ್ ಸೆಮೆನ್ಯಾಗೆ ಗಂಡು ಹಾರ್ಮೋನ್ ಟೆಸ್ಟೊಸ್ಟೆರಾನ್ ಇಳಿಸಲು ಗರ್ಭನಿರೋಧಕ ಮಾತ್ರೆ ಕೊಟ್ಟದ್ದು ಯಾಕೆ? 2012ರ ಲಂಡನ್ ಫೈನಲ್‌ನಲ್ಲಿ 1:57.23, ಯಾವ ಮಾತ್ರೆಯೂ ಇಲ್ಲದೆ 2018ರಲ್ಲಿ 1:54.25. ಮೂರು ಸೆಕೆಂಡ್ 800ರಲ್ಲಿ ಸಣ್ಣದಲ್ಲ.

ಸ್ಪೈಕ್ಸ್ ಬಿಚ್ಚಿಟ್ಟವಳು:

ಭಟ್ಟರೇ, ಒಳ್ಳೆಯ ಪ್ರಶ್ನೆ, ಆದರೆ ಆ ಅಂಕಿ ಇಲ್ಲಿಗೆ ಹೊಂದಲ್ಲ. ಸಾಮಾನ್ಯ ಹೆಂಗಸರ ಟೆಸ್ಟೊಸ್ಟೆರಾನ್ ಲೀಟರಿಗೆ ಸುಮಾರು 2 ನ್ಯಾನೊಮೋಲ್ ಒಳಗೇ ಇರತ್ತೆ. ಅದನ್ನ ಮಾತ್ರೆ ಇನ್ನಷ್ಟು ಇಳಿಸತ್ತೆ, ಓಟದಲ್ಲಿ ಕಾಣೋ ವ್ಯತ್ಯಾಸ ತೀರಾ ಸಣ್ಣದು. ಸೆಮೆನ್ಯಾ ವಿಷಯ ಹುಟ್ಟಿನಿಂದಲೇ ಬಹಳ ಮೇಲಿರೋ ಮಟ್ಟವನ್ನ ಒಂದು ಗೆರೆಗಿಂತ ಕೆಳಗೆ ತಳ್ಳೋದು. ಆ ಗೆರೆ ಮೊದಲು 10 ಇತ್ತು, ನಮ್ಮ ಓಟಗಾರ್ತಿ ದ್ಯುತಿ ಚಂದ್ 2015ರಲ್ಲಿ ಕ್ರೀಡಾ ನ್ಯಾಯಮಂಡಳಿಯಲ್ಲಿ ಹೋರಾಡಿ ಆ ನಿಯಮವನ್ನ ತಡೆಹಿಡಿಸಿದ್ರು. 2018ರಲ್ಲಿ 5 ಅಂತ ಬಂತು, 2023ರಲ್ಲಿ 2.5. ಸೆಮೆನ್ಯಾ ನುಂಗಿದ ಮಾತ್ರೆ ಯಾವ ಕಾಯಿಲೆಗೂ ಕೊಟ್ಟದ್ದಲ್ಲ. ತೂಕ ಏರಿತು, ಜ್ವರ, ವಾಕರಿಕೆ, ಹೊಟ್ಟೆನೋವು ಬಿಡಲಿಲ್ಲ ಅಂತ ಸೆಮೆನ್ಯಾ ಹೇಳಿದ್ದಾರೆ. ಅಷ್ಟು ಅಸ್ವಸ್ಥ ಇರೋರ ಟೈಮಿಂಗಿನಲ್ಲಿ ಯಾವ ಸೆಕೆಂಡ್ ಯಾವುದರಿಂದ ಹೋಯ್ತು ಅಂತ ಬಿಡಿಸೋದು ಹೇಗೆ?

ಗಂಡಸರು ಓದ್ತಿರೋದಕ್ಕೆ ಇನ್ನೊಂದು. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವೇಟ್‌ಲಿಫ್ಟರ್ ಮೀರಾಬಾಯಿ ಚಾನು 199 ಕೆಜಿ ಎತ್ತಿ ಒಂದೇ ಕೆಜಿಯಲ್ಲಿ ಕಂಚು ತಪ್ಪಿಸಿಕೊಂಡು, ಮುಟ್ಟಿನ ಮೂರನೇ ದಿನ ಇತ್ತು ಅಂದಾಗ ‘ನೆಪ’ ಅಂತ ಬರೆದವರಿದ್ರು. ಕೋಚುಗಳು ತೂಕ ಕೇಳೋ ಹಾಗೆ ಮುಟ್ಟಿನ ತಾರೀಕನ್ನೂ ಕೇಳಿ ಬರೆದಿಡೋದು ರೂಢಿ ಆಗಿದ್ರೆ ಹಾಸನದ ಹುಡುಗಿಯ ವಿಷಯ ಮೂರನೇ ತಿಂಗಳಿಗೇ ಗೊತ್ತಾಗ್ತಿತ್ತು.

ಹಾಸನದ ಎಂಟುನೂರು:

ಅಕ್ಕ, ತಡವಾಗಿ ಬರೀತಿದ್ದೀನಿ. ಬೇರೆ ಡಾಕ್ಟರ್ ಹತ್ರ ಹೋದ್ವಿ, ನೀವು ಬರೆದ ಪರೀಕ್ಷೆಗಳನ್ನ ಚೀಟಿಯಲ್ಲಿ ಬರ್ಕೊಂಡು. ಎಲ್‌ಎಚ್ ತಗ್ಗಿದೆ, 1.1, ಎಫ್‌ಎಸ್‌ಎಚ್ 4, ಈಸ್ಟ್ರಾಡಯಾಲ್ ತುಂಬಾ ಕಡಿಮೆ. ಟೆಸ್ಟೊಸ್ಟೆರಾನ್ ನಾರ್ಮಲ್. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಸರಿ ಇದೆ. ಫೆರಿಟಿನ್ ಬರೀ 9. ಪಿಸಿಒಡಿ ಅನ್ನಿಸ್ತಿಲ್ಲ, ಊಟ ಸಾಲ್ತಿಲ್ಲ, ಈಗ ಹಾರ್ಮೋನ್ ಮಾತ್ರೆ ಬೇಡ ಅಂದ್ರು. ಕಾಲಿಗೆ ಎಕ್ಸ್‌ರೇಯಲ್ಲಿ ಏನೂ ಇಲ್ಲ, ಎಂಆರ್‌ಐಯಲ್ಲಿ ಮೂಳೆ ಒಳಗೆ ಊತ ಇದೆ, ಇನ್ನೂ ಬಿರುಕು ಬಿಟ್ಟಿಲ್ಲ. ಮೂಳೆ ಸಾಂದ್ರತೆ ಅಳೆಯೋ ಡೆಕ್ಸಾದಲ್ಲಿ ಬೆನ್ನುಮೂಳೆ ಝಡ್ ಸ್ಕೋರ್ ಮೈನಸ್ 1.3, ಅಂದ್ರೆ ನನ್ನ ವಯಸ್ಸಿನವರ ಸರಾಸರಿಗಿಂತ ಕಡಿಮೆ. ಅಂತರ್‌ವಿವಿ ಈ ಸಲ ಇಲ್ಲ. ಎರಡು ದಿನ ಅತ್ತೆ.

ಕೋಚ್ ಸರ್‌ಗೆ ಎಂಆರ್‌ಐ ತೋರಿಸಿದ ಮೇಲೆ ಮಾತಾಡಲಿಲ್ಲ. ಆಮೇಲೆ ಅವರೇ ವಾರ್ಡನ್‌ಗೆ ಹೇಳಿ ಬೆಳಗಿನ ಓಟ ಆದ ತಕ್ಷಣ ಎರಡು ಮೊಟ್ಟೆ, ಬಾಳೆಹಣ್ಣು, ಹಾಲು ಕೊಡೋ ಹಾಗೆ ಮಾಡಿದ್ದಾರೆ. ನನಗಷ್ಟೇ ಅಲ್ಲ, ಎಲ್ಲ ಹುಡುಗಿಯರಿಗೂ.

ಎರಡು ಪ್ರಶ್ನೆ. ಫೆರಿಟಿನ್‌ಗೆ ಐರನ್ ಡ್ರಿಪ್ ಹಾಕಿಸ್ಬಹುದು ಬೇಗ ಏರತ್ತೆ ಅಂತ ನಮ್ಮೂರ ಕ್ಲಿನಿಕ್‌ನಲ್ಲಿ ಹೇಳ್ತಿದ್ದಾರೆ, ಹಾಕಿಸ್ಲಾ? ಮುಟ್ಟು ಯಾವಾಗ ಬರಬಹುದು?

ಸ್ಪೈಕ್ಸ್ ಬಿಚ್ಚಿಟ್ಟವಳು:

ಬಿರುಕು ಬಿಡೋಕೆ ಮುಂಚೆ ಸಿಕ್ಕಿದೆ. ಒಂದು ಕೂಟ ಹೋಯ್ತು, ಹೋಗ್ಲಿ ಬಿಡು.

ಡ್ರಿಪ್ ಬೇಡ. ಐರನ್ ನಿಷೇಧ ಅಲ್ಲ, ಆದರೆ 12 ಗಂಟೆಯಲ್ಲಿ 100 ಮಿಲಿಲೀಟರ್‌ಗಿಂತ ಹೆಚ್ಚು ಏನನ್ನೇ ನರಕ್ಕೆ ಏರಿಸಿಕೊಂಡ್ರೂ ನಿಷೇಧಿತ ವಿಧಾನ, ಬರೀ ಸಲೈನ್ ಆದ್ರೂ. ಆಸ್ಪತ್ರೆಯ ನಿಜವಾದ ಚಿಕಿತ್ಸೆಗೆ ವಿನಾಯಿತಿ ಇದೆ, ಊರ ಕ್ಲಿನಿಕ್ಕಿನ ಡ್ರಿಪ್ಪನ್ನ ಆ ಲೆಕ್ಕಕ್ಕೆ ಸೇರಿಸೋಕೆ ಆಮೇಲೆ ಒದ್ದಾಡ್ಬೇಕು. ನಿನಗೆ ಅಂಥ ತುರ್ತೇನೂ ಇಲ್ಲ. ಮಾತ್ರೆಯನ್ನ ದಿನ ಬಿಟ್ಟು ದಿನ ತಗೊಂಡ್ರೆ ಹೀರಿಕೆ ಚೆನ್ನಾಗಿರತ್ತೆ, ಹೊಟ್ಟೆಯೂ ಕೆಡಲ್ಲ. ನಿಂಬೆ ಶರಬತ್ತಿನ ಜೊತೆ ತಗೋ. ಕಾಫಿ, ಹಾಲಿನ ಜೊತೆ ಬೇಡ, ಅಂದ್ರೆ ಆ ಮೊಟ್ಟೆ ಹಾಲಿನ ಹೊತ್ತಿಗಲ್ಲ. ಎಷ್ಟು ಮಿಲಿಗ್ರಾಂ ಅಂತ ಡಾಕ್ಟರ್ ಬರೆದು ಕೊಡ್ಲಿ, ಎರಡು ತಿಂಗಳು ಬಿಟ್ಟು ಫೆರಿಟಿನ್ ಮತ್ತೆ ನೋಡಿಸು.

ಮುಟ್ಟಿಗೆ ತಾರೀಕು ಹೇಳೋಕಾಗಲ್ಲ. ಕೆಲವರಿಗೆ ಮೂರು ತಿಂಗಳು, ಕೆಲವರಿಗೆ ವರ್ಷ. ತೂಕ ಮೊದಲು ಏರತ್ತೆ, ಆಮೇಲೆ ಹಾರ್ಮೋನ್, ಮೂಳೆ ಎಲ್ಲಕ್ಕಿಂತ ನಿಧಾನ. ಮಧ್ಯಾಹ್ನದ ಮುದ್ದೆ ಬಿಡ್ಬೇಡ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ. ಆದರೆ ಮುದ್ದೆ ಸೊಪ್ಪುಸಾರು ಅಂತ ಹೊಟ್ಟೆ ತುಂಬಿಸಿಕೊಂಡು ಕ್ಯಾಲೊರಿ ಕಡಿಮೆ ಮಾಡ್ಕೋಬೇಡ, ತುಪ್ಪ, ಕಡಲೆಕಾಯಿ ಸೇರಿಸು. ಕಾಲಿಗೆ ನೋವಿಲ್ಲದೆ ನಡೆಯೋ ಹಾಗಾದ ಮೇಲೆ ಈಜು ಅಥವಾ ಸೈಕಲ್, ಅದನ್ನೂ ಡಾಕ್ಟರನ್ನ ಕೇಳಿ. ಸೈಕಲ್ ಹೊಡೆದ ದಿನವೂ ಓಡಿದ ದಿನದಷ್ಟೇ ತಿನ್ಬೇಕು.

ಮುಂದೆ ಯಾವಾಗಲಾದ್ರೂ ಗರ್ಭ ತಡೆಯೋಕೆ ಅಂತಲೇ ಮಾತ್ರೆ ಬೇಕಾದ್ರೆ ಧಾರಾಳವಾಗಿ ತಗೋ. ಅಷ್ಟರೊಳಗೆ ಮುಟ್ಟು ತಾನಾಗೇ ಬಂದು ಕೆಲವು ತಿಂಗಳಾದ್ರೂ ನಡೆದಿರ್ಲಿ. ಮಾತ್ರೆ ಇರೋವಷ್ಟು ದಿನ ಮುಟ್ಟಿನ ಡೈರಿ ಕೆಲಸಕ್ಕೆ ಬರಲ್ಲ, ತೂಕ, ಫೆರಿಟಿನ್, ನಿದ್ದೆ, ನೋವು ಇವನ್ನ ಬರೆದಿಡು. ಆ ಚೀಟಿಯ ಎರಡೂ ಮಾತ್ರೆಯನ್ನ ಬೀರುವಿನಿಂದ ತೆಗೆದು ಅಂಗಡಿಗೆ ವಾಪಸ್ ಕೊಡೋಕೆ ಅಮ್ಮನಿಗೆ ಹೇಳು, ಪಟ್ಟಿ ಒಡೆದಿಲ್ಲದಿದ್ರೆ ಕೆಲವು ಕಡೆ ದುಡ್ಡು ಕೊಡ್ತಾರೆ.